ಹಿಮ್ಮೇಳವೇ ಮುಂದಾದ ನಾಟಕ

ಗಣಪತಿ ಹಬ್ಬದ ಬೆನ್ನಿಗೇ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಅಂಬಿಗರ ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಸುತ್ತ ಬೇವಿನ ಸೊಪ್ಪು ಹೊದಿಸಿ, ಹಾಡುತ್ತ ಮನೆಮನೆಗೆ ಹೊತ್ತು ತರುತ್ತಾರೆ. ಮನೆಯವರು ಕಾಳುಕಡಿ ನೀಡುತ್ತಾರೆ. ಅವನ ಆಯುಷ್ಯ ಏಳೇ ದಿನ, ಹುಣ್ಣಿಮೆಗೆ ಸಾವು. ಜನರೆಲ್ಲ ಸುಖವಾಗಿದ್ದಾರೆಂದು ಗಣಪತಿ ಕೈಲಾಸದಲ್ಲಿ ವರದಿ ಕೊಟ್ಟರೆ, ಜೋಕುಮಾರ ಇಲ್ಲಿಯ ಕಷ್ಟ ಹೇಳಿ ಮಳೆ ತರಿಸುತ್ತಾನೆ ಎಂಬುದು ರೈತರ ನಂಬಿಕೆ.

ಅದೇ ದೇವರ ಹೆಸರಿನ ‘ಜೋಕುಮಾರಸ್ವಾಮಿ’ ನಾಟಕ ಆಧುನಿಕ ಕನ್ನಡ ರಂಗಭೂಮಿಗೆ ಹಾಡಿನ ದಾರಿ ತೆರೆಯಿತು. ಬರೆದವರು ಚಂದ್ರಶೇಖರ ಕಂಬಾರ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರ ಜನವರಿ 2ರಂದು ಹುಟ್ಟಿದ ಅವರು ಓದಿಗೆ ಗೋಕಾಕಕ್ಕೆ ಬಂದರು. ಬಡತನದಿಂದ ಓದು ನಿಲ್ಲುವಂತಾದಾಗ ಕೈಹಿಡಿದವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು.

ಆದರೆ ನಾಟಕದ ಪಾಠ ಆದದ್ದು ಬಯಲಿನಲ್ಲಿ. ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಆಟದ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ ಗೋಕಾಕದ ನೆರೆಯಲ್ಲೇ, ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಆ ಆಟದಿಂದಲೇ ಮನೆಮಾತಾದ ನಿಂಗಮ್ಮನ ಕೌಜಲಗಿಯೂ ಅದೇ ಸೀಮೆಯದು. ನಾರದ ತಂದ ಒಂದು ಹೂವು, ಅದು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆಯ ಮುನಿಸು: ಕಥೆ ಇಷ್ಟೇ. ರಾತ್ರಿಯಿಡೀ ಅದನ್ನು ಹಿಡಿದು ನಿಲ್ಲಿಸುವುದು ಹಾಡು, ಹಾರ್ಮೋನಿಯಂ, ತಬಲಾ ಮತ್ತು ದೂತಿಯ ಚುರುಕು ಮಾತು. ಪಕ್ಕದ ಬೈಲಹೊಂಗಲ ಸೀಮೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ದಲ್ಲಿ ದೇವರೂ ಇಲ್ಲ, ಕಿರೀಟವೂ ಇಲ್ಲ, ಊರಲ್ಲೇ ನಡೆದ ಕೊಲೆಯ ಕಥೆ, ಉಟ್ಟ ಬಟ್ಟೆಯಲ್ಲೇ ವೇಷ. ಈ ಆಟವನ್ನು ಸಂಪಾದಿಸಿ ಪ್ರಕಟಿಸಿದವರು ಕಂಬಾರರೇ. ಅವರ ಡಾಕ್ಟರೇಟ್ ಅಧ್ಯಯನವೂ ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತದ್ದು.

1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಮೂರು ನಾಟಕ ಆಡಿಸಿದರು: ‘ಈಡಿಪಸ್’, ಲಂಕೇಶರ ‘ಸಂಕ್ರಾಂತಿ’ ಮತ್ತು ‘ಜೋಕುಮಾರಸ್ವಾಮಿ’. ಗುಬ್ಬಿ ಕಂಪನಿಯಲ್ಲಿ ಬೆಳೆದ ಕಾರಂತರಿಗೆ ರಂಗಗೀತೆ ಹೊಸದಲ್ಲ. ಬಯಲಾಟದ ಬನಿಯ ಹಾಡನ್ನು ರಾಜಧಾನಿಯ ಹವ್ಯಾಸಿಗಳ ನಡುವೆ ನಿಲ್ಲಿಸಿದ್ದು ಹೊಸದು. ‘ಜೋಕುಮಾರಸ್ವಾಮಿ’ಯಲ್ಲಿ ಗಿರೀಶ ಕಾರ್ನಾಡರು ಪಾತ್ರ ವಹಿಸಿದರು. ಕಂಬಾರ, ಕಾರಂತರೂ ರಂಗದ ಮೇಲಿದ್ದರು. 1975ರಲ್ಲಿ ನಾಟಕಕ್ಕೆ ಕಮಲಾದೇವಿ ಪ್ರಶಸ್ತಿ ಬಂತು. ಮುಂದೆ ಅದನ್ನು ಇಂಗ್ಲಿಷಿಗೆ ತಂದವರು ಸರೋದ್ ವಾದಕ ರಾಜೀವ ತಾರಾನಾಥ.

ಕಂಪನಿ ನಾಟಕದಲ್ಲಿ ಕಥೆ ತುಸು ನಿಂತು ಹಾಡಿಗೆ ಜಾಗ ಬಿಡುವುದುಂಟು. ಇಲ್ಲಿ ಹಾಡು ನಿಂತರೆ ಕಥೆಯೇ ನಿಲ್ಲುತ್ತದೆ. ಆಟ ಶುರುವಾಗುವುದು ಸೂತ್ರಧಾರ ಮತ್ತು ಹಿಮ್ಮೇಳದ ತಕರಾರಿನಿಂದ: ಮೊದಲ ಪೂಜೆ ಗಣಪತಿಗೋ, ಜೋಕುಮಾರನಿಗೋ? ಹಿಮ್ಮೇಳದವರು ಪ್ರಶ್ನೆ ಹಾಕುತ್ತಾರೆ, ಕೆಣಕುತ್ತಾರೆ, ಹಾಡಿನ ಸಾಲು ಎತ್ತಿಕೊಂಡು ಕಥೆಯನ್ನು ಮುಂದಿನ ಮನೆಗೆ ದಾಟಿಸುತ್ತಾರೆ. ಪುಸ್ತಕದಲ್ಲಿ ಓದಿದರೆ ಈ ಭಾಗ ತೆಳುವಾಗಿ ಕಾಣಬಹುದು. ಕಂಠ ಸೇರಿದರೆ ಅದೇ ಆಟದ ಬೆನ್ನೆಲುಬು. ಆದ್ದರಿಂದ ಈ ನಾಟಕ ಕೈಗೆತ್ತಿಕೊಳ್ಳುವ ತಂಡ ನಾಯಕನಿಗಿಂತ ಮೊದಲು ಹಾಡುಗಾರರನ್ನು ಹುಡುಕುವುದು ಒಳ್ಳೆಯದು.

ಕಥೆಯ ತಿರುಳೂ ಆಚರಣೆಯದೇ. ಊರ ಭೂಮಿಯನ್ನೆಲ್ಲ ಕಬಳಿಸುವ ಗೌಡನಿಗೆ ಮಕ್ಕಳಿಲ್ಲ. ಬಸಿರಿನ ಹಂಬಲದ ಗೌಡತಿ ಪಡವಲಕಾಯಿಯನ್ನು ಜೋಕುಮಾರಸ್ವಾಮಿಯೆಂದು ಪೂಜಿಸಿ, ಪಲ್ಯ ಮಾಡಿ ಗಂಡನಿಗೆ ಉಣಿಸಲು ಹೊರಡುತ್ತಾಳೆ. ಅದನ್ನು ಉಂಡವನು ಹೊಲ ಬಿಟ್ಟುಕೊಡದ ರೈತ ಬಸಣ್ಣ. ಗೌಡತಿ ಅವನಿಗೆ ಒಲಿಯುತ್ತಾಳೆ. ಗೌಡ ಅವನನ್ನು ಕೊಲ್ಲಿಸುತ್ತಾನೆ. ಜೋಕುಮಾರನಂತೆ ಬಸಣ್ಣನೂ ಸತ್ತು ಫಲ ಕೊಡುವವನು. ಹೆಣ್ಣಾಗಲಿ ಹೊಲವಾಗಲಿ, ಒಡೆಯನೆಂಬವನು ಬರಿಯ ಹೆಸರಿನವನೋ, ಬಿತ್ತಿ ಬೆಳೆದವನೋ ಎಂಬುದು ನಾಟಕದ ಉದ್ದಕ್ಕೂ ಹಾಡಾಗಿ ಕೇಳುವ ಪ್ರಶ್ನೆ. ಹೊಲದ ಮಟ್ಟಿಗೆ ಅದೇ ಪ್ರಶ್ನೆಗೆ ಕರ್ನಾಟಕದ ಕಾನೂನು ಉಳುವವನ ಪರ ಉತ್ತರ ಬರೆದದ್ದು 1974ರ ಭೂಸುಧಾರಣೆಯಲ್ಲಿ. ಹಿಮ್ಮೇಳ ಅದನ್ನು ಎರಡು ವರ್ಷ ಮೊದಲೇ ಬಯಲಿನಲ್ಲಿ ಎತ್ತಿತ್ತು.