ಕತ್ತಿಯ ಹದವೂ ಊರಿನ ಕುಲುಮೆಯೂ

ಬೀಜ, ಗೊಬ್ಬರ, ನೀರುಗಳ ವಿಷಯದಲ್ಲಿ ನಮ್ಮ ಜಮೀನುದಾರರು ವಹಿಸುವಷ್ಟು ಎಚ್ಚರಿಕೆಯನ್ನು ಕತ್ತಿಯ ವಿಷಯದಲ್ಲಿ ವಹಿಸುವುದಿಲ್ಲ. ಆದರೆ ಉಡುಪಿ, ಕಾಪು, ಕಾರ್ಕಳ ತಾಲ್ಲೂಕುಗಳಲ್ಲಿ ಕತ್ತಿಯಿಲ್ಲದೆ ಒಂದು ದಿನದ ಕೆಲಸವೂ ಸಾಗದು. ಸೊಪ್ಪು ಸವರುವುದಕ್ಕೆ ಭಾರವಾದ ಕತ್ತಿ, ತೆಂಗಿನ ಮರವನ್ನು ಹತ್ತುವವನಿಗೆ ಹಗುರವಾದ ಕತ್ತಿ, ಪೈರಿಗೆ ಕುಡುಗೋಲು, ಅಡಿಗೆಮನೆಗೆ ಮೆಟ್ಟುಗತ್ತಿ, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಬಗೆ. ಉಡುಪಿ, ಮಣಿಪಾಲಗಳ ಅಂಗಡಿಗಳಲ್ಲಿ ತಯಾರಾದ ಕತ್ತಿ ದೊರೆಯುವುದು ನಿಜ. ಆದರೆ ಅದರ ಬಾಯಿ ಮುಕ್ಕಾದಾಗ ಮತ್ತೆ ಕಾಯಿಸಿ ಹದಗೊಳಿಸಿ ಕೊಡತಕ್ಕವರು ಊರಿನ ಕುಲುಮೆಯ ಆಚಾರಿಗಳೇ ಹೊರತು ಅಂಗಡಿಯವರಲ್ಲ. ಆದಕಾರಣ ಆ ಕುಲುಮೆಯಲ್ಲಿ ಹೊಸಬನೊಬ್ಬನು ವಿದ್ಯೆ ಕಲಿಯುವಂತೆ ಮಾಡುವುದು ಗ್ರಾಮದ ಹಿರಿಯರ ಕರ್ತವ್ಯವಾಗಿದೆ.

ಹೊಸಬನು ಮೊದಲು ಕಬ್ಬಿಣವನ್ನು ಗುರುತಿಸಲು ಕಲಿಯಬೇಕು. ಕಟ್ಟಡಕ್ಕೆ ಬಳಸುವ ಮೆದು ಕಬ್ಬಿಣದಲ್ಲಿ ಇಂಗಾಲವು ಅತ್ಯಲ್ಪವಾದ್ದರಿಂದ ಅದಕ್ಕೆ ಎಷ್ಟು ನೀರು ಕುಡಿಸಿದರೂ ಬಾಯಿ ನಿಲ್ಲದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ನೂರಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಪಾಲು ಇಂಗಾಲವಿರುವುದರಿಂದ ಅದು ಕತ್ತಿಗೆ ಯೋಗ್ಯವಾದುದು. ಸತುವಿನ ಲೇಪವಿರುವ ತಗಡನ್ನಾಗಲಿ ಕೊಳವೆಯನ್ನಾಗಲಿ ಎಂದಿಗೂ ಕುಲುಮೆಗೆ ಇಡಕೂಡದು. ಅದರ ಹೊಗೆಯಿಂದ ಜ್ವರ ಬರುವುದು.

ಗೆರಟೆಯ ಇದ್ದಿಲಿನ ಕಾವಿನಲ್ಲಿ ಪಟ್ಟಿಯು ಕಿತ್ತಳೆ ಕೆಂಪಾದಾಗ ಬಡಿಯಬೇಕು. ಕೆಂಪು ಮಾಸಿದ ಮೇಲೆ ಬಡಿದರೆ ಸೀಳು ಬಿಡುವುದು. ಆಕಾರ ಬಂದ ಬಳಿಕ ಅರದಿಂದ ಉಜ್ಜುವಾಗ ಬಾಯಿಯನ್ನು ಒಂದು ಮಿಲಿಮೀಟರಿಗಿಂತ ತೆಳುಮಾಡದೆ ಬಿಡಬೇಕು. ಪೂರ್ಣ ಹರಿತವು ಹದವಾದ ಮೇಲಿನ ಕೆಲಸ.

ಹದವೇ ಈ ವಿದ್ಯೆಯ ಜೀವ. ಕಾದ ಉಕ್ಕಿಗೆ ಅಯಸ್ಕಾಂತವು ಅಂಟದಂತಾದ ಮೇಲೆ ಇನ್ನೂ ತುಸು ಕಾವೇರಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದತಕ್ಕದ್ದು. ಈ ಜಾತಿಯ ಉಕ್ಕನ್ನು ತಣ್ಣೀರಿಗೆ ಹಾಕಿದರೆ ಬಿರಿಯುವ ಭಯವುಂಟು. ಎಣ್ಣೆಯು ಹೊತ್ತಿಕೊಳ್ಳಬಹುದಾದ್ದರಿಂದ ಮುಚ್ಚಳವು ಕೈಗೆ ಸಿಕ್ಕುವಂತಿರಲಿ, ಹುಲ್ಲಿನ ಮಾಡು ದೂರವಿರಲಿ. ಅದ್ದಿದ ಕತ್ತಿಯ ಮೇಲೆ ಅರವು ಕಚ್ಚದೆ ಜಾರಿದರೆ ಅದು ಗಟ್ಟಿಯಾಯಿತೆಂದು ತಿಳಿಯಬೇಕು. ಆದರೆ ಆಗ ಅದು ಗಾಜಿನಂತೆ ಮುರಿಯತಕ್ಕದ್ದು. ಅದನ್ನು ಉಜ್ಜಿ ಬೆಳಗಿಸಿ, ಬೆನ್ನಿನ ಕಡೆಯಿಂದ ಮೆಲ್ಲನೆ ಕಾಯಿಸಿದರೆ ಬಣ್ಣಗಳು ಓಡುತ್ತವೆ. ಬಾಯಿಯಲ್ಲಿ ಒಣಹುಲ್ಲಿನ ಬಣ್ಣ ಬಂದರೆ ಮೆಟ್ಟುಗತ್ತಿಗೆ ಸಾಕು. ಕೊಂಬೆ ಕಡಿಯುವ ಭಾರದ ಕತ್ತಿಗೆ ಕಂದು ಕಳೆದು ನೇರಳೆ ತೋರಬೇಕು. ಕುಲುಮೆಯ ಕೊಟ್ಟಿಗೆಯನ್ನು ಮಬ್ಬಾಗಿ ಇಡುವುದು ಕಾವಿನ ಬಣ್ಣ ಕಣ್ಣಿಗೆ ತಿಳಿಯಲೆಂದೇ. ಈ ಬಣ್ಣಗಳನ್ನು ಕಾಗದದಲ್ಲಿ ಬರೆದು ಕಲಿಸಲಾಗದು. ಬಲ್ಲವರ ಪಕ್ಕದಲ್ಲಿ ನಿಂತು ನೋಡಿಯೇ ಕಲಿಯಬೇಕು. ವೃದ್ಧ ಆಚಾರಿಯು ಶಿಷ್ಯನಿಲ್ಲದೆ ತೀರಿಕೊಂಡರೆ ಆ ಊರಿನ ಹದವೂ ಅಂದಿಗೆ ಮುಗಿಯಿತು.

೨೦೨೩ನೆಯ ಇಸವಿ ಸೆಪ್ಟೆಂಬರ್ ೧೭ರಂದು ಆರಂಭವಾದ ಕೇಂದ್ರ ಸರ್ಕಾರದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಯೋಜನೆಯ ನಿಯಮದಂತೆ ತರಬೇತಿಯ ದಿನಗಳಲ್ಲಿ ದಿನಕ್ಕೆ ೫೦೦ ರೂಪಾಯಿ ಭತ್ಯೆ, ಉಪಕರಣಗಳಿಗೆ ೧೫,೦೦೦ ರೂಪಾಯಿಗಳವರೆಗೆ ನೆರವು, ನೂರಕ್ಕೆ ೫ರ ಬಡ್ಡಿಯಲ್ಲಿ ಎರಡು ಕಂತುಗಳಾಗಿ ೩ ಲಕ್ಷದವರೆಗೆ ಸಾಲ ಉಂಟು. ಅರ್ಜಿದಾರನಿಗೆ ೧೮ ವರ್ಷ ತುಂಬಿರಬೇಕು. ಕುಟುಂಬಕ್ಕೆ ಒಬ್ಬನಿಗೆ ಮಾತ್ರ ಅವಕಾಶ. ಆದರೆ ಇದು ಕಸುಬಿನಲ್ಲಿ ಈಗಾಗಲೇ ತೊಡಗಿದವರಿಗಾಗಿ ಇರುವುದು. ಐದಾರು ದಿನಗಳ ತರಬೇತಿಯಿಂದ ಏನೂ ಅರಿಯದವನು ಕಮ್ಮಾರನಾಗಲಾರನು. ಮೊದಲು ಕುಲುಮೆಯ ಅಭ್ಯಾಸ, ಆಮೇಲೆ ಅರ್ಜಿ.

ಅರ್ಜಿಯ ಮೊದಲನೆಯ ಪರಿಶೀಲನೆ ಗ್ರಾಮ ಪಂಚಾಯತಿಯದೇ. ಆದುದರಿಂದ ಪಂಚಾಯತಿಯ ಮುಖ್ಯಸ್ಥರು ತಮ್ಮ ಊರಿನಲ್ಲಿ ಉರಿಯುತ್ತಿರುವ ಕುಲುಮೆಗಳೆಷ್ಟು, ಅಲ್ಲಿ ಕಲಿಯುವ ಯುವಕರಿರುವರೇ ಎಂಬುದನ್ನು ಈ ತಿಂಗಳಲ್ಲಿಯೇ ವಿಚಾರಿಸತಕ್ಕದ್ದು. ಜಮೀನುದಾರರು ಮಳೆಗೆ ಮುಂಚಿತವಾಗಿ ತಮ್ಮ ವರ್ಷದ ಕತ್ತಿಗಳನ್ನೂ ದುರಸ್ತಿಯನ್ನೂ ಒಟ್ಟಾಗಿ ಊರಿನ ಕುಲುಮೆಗೇ ಒಪ್ಪಿಸಿ, ಕೂಲಿಯನ್ನು ತಡಮಾಡದೆ ಸಲ್ಲಿಸಲಿ. ಕೆಲಸವಿದ್ದಲ್ಲಿ ಶಿಷ್ಯನು ನಿಲ್ಲುವನು. ಶಿಷ್ಯನು ನಿಂತಲ್ಲಿ ವಿದ್ಯೆಯೂ ಉಳಿಯುವುದು.