ಮನೆಯಲ್ಲಿ ನಡೆಯುವ ಹೋಟೆಲ್ ಕೆಲಸ: ಅದಕ್ಕೂ ಹೊತ್ತು ಬೇಕು, ಲೆಕ್ಕ ಬೇಕು



ನಮ್ಮ ಉದ್ಯಮದ ಎಷ್ಟೋ ಕೆಲಸ ಹೋಟೆಲಿನಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ನಡೆಯುತ್ತದೆ. ಇಡ್ಲಿ, ದೋಸೆಗೆ ಹಿಟ್ಟು ರುಬ್ಬುವುದು, ಸಾಂಬಾರ್ ಪುಡಿಗೆ ಹುರಿಯುವುದು, ತೆಂಗಿನಕಾಯಿ ತುರಿಯುವುದು, ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವುದು, ರಾತ್ರಿ ಲೆಕ್ಕ ಬರೆಯುವುದು, ಹೀಗೆ ಪಟ್ಟಿ ಉದ್ದವಿದೆ. ಇದನ್ನೆಲ್ಲ ಮಾಡುವವರು ಹೆಚ್ಚಾಗಿ ನಮ್ಮ ಮನೆಯ ಹೆಂಗಸರು. ಹೋಟೆಲಿನ ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಭಟ್ಟರಿಗೆ, ಸಪ್ಲಯರ್‌ಗೆ, ಕ್ಲೀನರ್‌ಗೆ ವಾರದ ರಜೆ ಇದೆ, ಇವರಿಗೆ ಅದೂ ಇಲ್ಲ. "ಮನೆಯಲ್ಲೇ ಇದ್ದಾರಲ್ಲ" ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಇಂಥ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಸಾಕಾಗಿ ಹೋಗಿದೆ, ಯಾವುದನ್ನು ಮೊದಲು ಮಾಡಲಿ ಎಂದು ತಿಳಿಯುವುದಿಲ್ಲ." ಇದು ಸೋಮಾರಿತನವೂ ಅಲ್ಲ, ಸಿಡುಕೂ ಅಲ್ಲ. ಇದಕ್ಕೆ ಕಾರಣವಿದೆ, ಪರಿಹಾರವೂ ಇದೆ. ಅದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇವೆ.

ರೋಹಿಣಿಯಲ್ಲಿ ನಾವು ಕಂಡಂತೆ

ನಾವು ಹೋಟೆಲ್ ನಡೆಸುವುದು ದೆಹಲಿಯ ರೋಹಿಣಿಯಲ್ಲಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 1981ರಲ್ಲಿ ವಸತಿ ಯೋಜನೆ ತಂದು ಬೆಳೆಸಿದ ಬಡಾವಣೆ ಇದು. ಇಲ್ಲಿ ಎರಡು ಕೋಣೆಯ ಫ್ಲ್ಯಾಟ್‌ಗಳು ಬಹಳ. ಊರಿನ ಮನೆಯ ಹಾಗೆ ಹಿತ್ತಿಲು, ಜಗಲಿ, ಬಚ್ಚಲ ಹಿಂದಿನ ಜಾಗ ಯಾವುದೂ ಇಲ್ಲ. ಗ್ರೈಂಡರ್ ಬಾಲ್ಕನಿಯಲ್ಲಿ, ಹಿಟ್ಟಿನ ಡಬ್ಬ ಮಂಚದ ಪಕ್ಕದಲ್ಲಿ, ಅಲ್ಲೇ ಮಗುವಿನ ಓದು. ಬಾಣಂತನಕ್ಕೋ ಹಬ್ಬಕ್ಕೋ ಕೈಹಿಡಿಯಲು ಅಕ್ಕ, ಅತ್ತಿಗೆ, ಚಿಕ್ಕಮ್ಮ ಹತ್ತಿರದಲ್ಲಿಲ್ಲ, ಎಲ್ಲರೂ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆಯಿತು. ಗಿರಾಕಿ ಕೂತು ತಿನ್ನಲು ಮತ್ತೆ ಅವಕಾಶ ಸಿಕ್ಕಿದ್ದು ಜೂನ್ 8ರಂದು. ನಡುವಿನ ದಿನಗಳಲ್ಲಿ ಪಾರ್ಸೆಲ್ ಮಾತ್ರ. ಕೆಲಸದವರು ಊರಿಗೆ ಹೋಗಿಬಿಟ್ಟರು. ಹೋಟೆಲಿನ ಕೆಲಸ ಮನೆಗೆ ಬಂದದ್ದು ಆಗ. ಆಮೇಲೆ ಹೋಟೆಲ್ ತೆರೆಯಿತು, ಆದರೆ ಎಷ್ಟೋ ಮನೆಗಳಲ್ಲಿ ಹಾಗೆ ಬಂದ ಕೆಲಸ ವಾಪಸ್ಸು ಹೋಗಲಿಲ್ಲ. ಅದೇ ಹೊತ್ತಿಗೆ ಕಂಪನಿ ಕೆಲಸದಲ್ಲಿದ್ದ ಮಗ, ಸೊಸೆಯರೂ ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲೇ ಕೂತರು. ಸೊಸೆ ಮೀಟಿಂಗ್‌ನಲ್ಲಿದ್ದರೂ "ಒಂದು ನಿಮಿಷ ಕಾಯಿ ತುರಿದು ಕೊಡಮ್ಮಾ" ಎನ್ನುವುದು ಅಭ್ಯಾಸವಾಯಿತು. ಮನೆಯಲ್ಲಿರುವವರಿಗೆ ಬಿಡುವಿದೆ ಎಂದು ಎಲ್ಲರೂ ತಿಳಿದರು.

ದಣಿವು ಎಲ್ಲಿಂದ ಬರುತ್ತದೆ?

ಕೆಲಸ ಹೆಚ್ಚಾಯಿತು ಎಂಬುದು ಅರ್ಧ ಕಾರಣ. ನಾಲ್ಕು ಗಡಿಯಾರ ಒಟ್ಟಿಗೆ ಓಡುವುದು ಇನ್ನರ್ಧ. ಗ್ರೈಂಡರ್ ತಿರುಗುತ್ತಿರುವಾಗ ಬಿಟ್ಟು ಹೋಗುವ ಹಾಗಿಲ್ಲ, ಉದ್ದು ಬಿಸಿಯಾದರೆ ಹಿಟ್ಟು ಏಳುವುದಿಲ್ಲ. ಅದೇ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದೆ. ಅದೇ ಹೊತ್ತಿಗೆ ಮಗುವಿನ ಶಾಲೆ ಬಸ್ಸು. ಅದೇ ಹೊತ್ತಿಗೆ ಫೋನು, "ನಲವತ್ತು ಪ್ಲೇಟ್ ಇಡ್ಲಿ ಬೇಕಿತ್ತು" ಎಂದು. ಹೋಟೆಲಿನಲ್ಲಾದರೆ ಈ ಒಂದೊಂದಕ್ಕೂ ಒಬ್ಬೊಬ್ಬರಿದ್ದಾರೆ. ಮನೆಯಲ್ಲಿ ನಾಲ್ಕಕ್ಕೂ ಒಬ್ಬರೇ.

ದೆಹಲಿಯ ಹವೆಯೂ ಸೇರಿಕೊಳ್ಳುತ್ತದೆ. ಮೇ, ಜೂನ್‌ನಲ್ಲಿ ಐದಾರು ಗಂಟೆಗೇ ಹಿಟ್ಟು ಹುಳಿ ಬರುತ್ತದೆ, ತಡರಾತ್ರಿ ಎದ್ದು ಫ್ರಿಜ್‌ಗೆ ಇಡಬೇಕು. ಡಿಸೆಂಬರ್, ಜನವರಿಯಲ್ಲಿ ಕಂಬಳಿ ಹೊದಿಸಿದರೂ ಬೆಳಿಗ್ಗೆಗೆ ಏಳುವುದಿಲ್ಲ, ಹಿಂದಿನ ಮಧ್ಯಾಹ್ನವೇ ರುಬ್ಬಿಡಬೇಕು. ಅಂದರೆ ವರ್ಷವಿಡೀ ಅವರ ನಿದ್ದೆಯ ಹೊತ್ತನ್ನು ಹಿಟ್ಟು ತೀರ್ಮಾನಿಸುತ್ತದೆ.

ಗಂಟೆ ಲೆಕ್ಕ ಹಾಕಿ ನೋಡೋಣ

ಒಂದು ಸಾಧಾರಣ ಹೋಟೆಲಿನ ಮನೆಯ ಒಂದು ದಿನ ತೆಗೆದುಕೊಳ್ಳಿ. ಅಕ್ಕಿ, ಉದ್ದು ತೊಳೆದು ನೆನೆಹಾಕಲು 20 ನಿಮಿಷ. ರುಬ್ಬಲು 90. ಗ್ರೈಂಡರ್ ತೊಳೆಯಲು 25. ಕಾಯಿ ತುರಿಯಲು 40. ಪುಡಿ ಹುರಿದು ಡಬ್ಬಕ್ಕೆ ತುಂಬಲು 35. ಫೋನ್ ಆರ್ಡರ್‌ಗೆ 40. ಬಿಲ್ಲು, ಲೆಕ್ಕಕ್ಕೆ 50. ಕೂಡಿದರೆ 300 ನಿಮಿಷ, ಅಂದರೆ 5 ಗಂಟೆ.

ಇದು ಹೋಟೆಲಿನ ಭಾಗ ಮಾತ್ರ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು, ವೃದ್ಧರು, ಕಾಯಿಲೆಯವರ ಆರೈಕೆಗೆ ಹೆಂಗಸರದ್ದು 137 ನಿಮಿಷ, ಗಂಡಸರದ್ದು 75. ನಮ್ಮ 300ಕ್ಕೆ 289 ಸೇರಿಸಿದರೇ ಹತ್ತಿರ ಹತ್ತಿರ 10 ಗಂಟೆ. ಆರೈಕೆಯೂ ಇರುವ ಮನೆಯಲ್ಲಿ 12 ಗಂಟೆ ದಾಟುತ್ತದೆ. ನಮ್ಮ ಭಟ್ಟರನ್ನು ದಿನವೂ 12 ಗಂಟೆ, ರಜೆಯಿಲ್ಲದೆ, ಸಂಬಳವಿಲ್ಲದೆ ದುಡಿಸಿದರೆ ಎಷ್ಟು ದಿನ ನಿಲ್ಲುತ್ತಾರೆ? ಬಾಂಧವರು ತಾವೇ ಯೋಚಿಸಬೇಕು.

ಲಿಜ್ಜತ್ ಪಾಪಡ್ ಕಲಿಸುವ ಪಾಠ

ಮನೆಯಲ್ಲಿ ಮಾಡುವ ತಿಂಡಿ ಕೆಲಸ ಎಂದ ಮಾತ್ರಕ್ಕೆ ಹೀಗೇ ಆಗಬೇಕೆಂದಿಲ್ಲ. ಮುಂಬಯಿಯ ಗಿರ್‌ಗಾಂವ್‌ನಲ್ಲಿ 1959ರಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಲ್ಲಿ ಹಪ್ಪಳ ಶುರುಮಾಡಿದರು. ಅದೇ ಲಿಜ್ಜತ್ ಸಂಸ್ಥೆ. ಅಲ್ಲಿ ಹಿಟ್ಟು ಕಲಸುವುದು ಕೇಂದ್ರದಲ್ಲಿ. ಸದಸ್ಯೆಯರು ಕಲಸಿದ ಹಿಟ್ಟನ್ನು ತೂಕ ಮಾಡಿಸಿ ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ, ಮರುದಿನ ಕೇಂದ್ರಕ್ಕೆ ಒಪ್ಪಿಸುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ.

ಇದರಲ್ಲಿ ಮೂರು ಸಂಗತಿ ಗಮನಿಸಬೇಕು. ಮನೆಗೆ ಹೋಗುವುದು ಒಂದೇ ಕೆಲಸ. ಆ ಕೆಲಸಕ್ಕೆ ಅಳತೆ ಇದೆ. ಅಳತೆಗೆ ತಕ್ಕ ಹಣ ಇದೆ. ಕಲಸುವುದು, ಮಾರುವುದು, ಲೆಕ್ಕ ಇಡುವುದು ಮನೆಗೆ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಈ ಮೂರೂ ಇಲ್ಲದಿರುವುದೇ ತೊಂದರೆ.

ನಾವು ಮಾಡಬಹುದಾದದ್ದು

1. ಮೊದಲು ಒಂದು ವಾರ ಬರೆದಿಡಿ. ಮನೆಯಲ್ಲಿ ಹೋಟೆಲಿಗಾಗಿ ಏನೇನು ಕೆಲಸ ಆಯಿತು, ಯಾರು ಮಾಡಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಗೋಡೆಯ ಕ್ಯಾಲೆಂಡರ್‌ನಲ್ಲೇ ಬರೆದರೂ ಸಾಕು. ಬರೆದು ನೋಡುವವರೆಗೆ ಯಾರಿಗೂ ನಂಬಿಕೆ ಬರುವುದಿಲ್ಲ.

2. ಯಂತ್ರದ ಕೆಲಸ ಹೋಟೆಲಿಗೆ ವಾಪಸ್ಸು ಹೋಗಲಿ. ರುಬ್ಬುವುದು, ಕಾಯಿ ತುರಿಯುವುದು ಹೋಟೆಲಿನಲ್ಲೇ ಆಗಬೇಕು. ಮನೆಯವರ ಕೈರುಚಿ ಬೇಕಾದದ್ದು ಪುಡಿ, ಉಪ್ಪಿನಕಾಯಿಗೆ. ಅದನ್ನು ವಾರಕ್ಕೊಂದು ದಿನ ಕೂತು ಮಾಡಿದರೆ ದಿನದಿನದ ಕಾಟ ತಪ್ಪುತ್ತದೆ. ಕಾನೂನಿನ ಕಡೆಯಿಂದಲೂ ಇದು ಕ್ಷೇಮ. ಮನೆಯ 14.2 ಕಿಲೋ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, ವ್ಯಾಪಾರಕ್ಕೆ ವಾಣಿಜ್ಯ ಸಿಲಿಂಡರೇ ಆಗಬೇಕು. ಮನೆಯಲ್ಲಿ ಮಾಡಿ ಮಾರುವ ಪದಾರ್ಥಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

3. ಫೋನಿಗೆ ಹೊತ್ತು ಗೊತ್ತುಮಾಡಿ. ಹೋಟೆಲಿನ ಸಂಖ್ಯೆ ಬೇರೆ, ಮನೆಯವರ ಸಂಖ್ಯೆ ಬೇರೆ ಇರಲಿ. ಆರ್ಡರ್ ಫೋನ್ ಗಲ್ಲಾದಲ್ಲೇ ಇರಲಿ, ಮನೆಗೆ ಬರುವುದು ಬೇಡ. ಸ್ವಿಗ್ಗಿ, ಜೊಮಾಟೊ ಮೆನು ಬದಲಾಯಿಸುವುದನ್ನು ಹೋಟೆಲಿನ ಒಬ್ಬ ಹುಡುಗನಿಗೆ ಕಲಿಸಿ.

4. ಲೆಕ್ಕ ರಾತ್ರಿ ಬೇಡ. ಮಧ್ಯಾಹ್ನದ ಊಟ ಮುಗಿದು ಸಂಜೆ ಕಾಫಿ ಶುರುವಾಗುವ ಮುಂಚೆ ಒಂದು ಗಂಟೆ ಬಿಡುವಿರುತ್ತದೆ, ಹೋಟೆಲಿನಲ್ಲೇ ಬರೆದು ಮುಗಿಸಿ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಬರುವ ಊಟ-ತಿಂಡಿಯ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಆದರೂ ನಮ್ಮ ರಿಟರ್ನ್‌ನಲ್ಲಿ ಆ ವ್ಯಾಪಾರ ತೋರಿಸಬೇಕು. ಆದ್ದರಿಂದ ಆ್ಯಪ್ ವ್ಯಾಪಾರ, ಗಲ್ಲಾ ವ್ಯಾಪಾರ ದಿನವೂ ಬೇರೆ ಬೇರೆ ಬರೆದಿಟ್ಟರೆ ಕೊನೆಗೆ ಮನೆಮಂದಿಯೆಲ್ಲ ರಾತ್ರಿ ಕೂತು ಬಿಲ್ಲು ಹುಡುಕುವುದು ತಪ್ಪುತ್ತದೆ. ವರ್ಷದ ವ್ಯವಹಾರ 5 ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಸೌಕರ್ಯ 2021ರಿಂದ ಇದೆ, ತಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

5. ಮನೆಯವರ ದುಡಿಮೆಯನ್ನು ಪ್ಲೇಟಿನ ದರಕ್ಕೆ ಸೇರಿಸಿ. ಗಂಟೆಗೆ 100 ರೂಪಾಯಿ ಎಂದಿಟ್ಟುಕೊಂಡರೆ 5 ಗಂಟೆಗೆ 500. ದಿನಕ್ಕೆ 250 ಪ್ಲೇಟ್ ಹೋದರೆ ಪ್ಲೇಟಿಗೆ 2 ರೂಪಾಯಿ. ಈ 2 ರೂಪಾಯಿ ಸೇರಿಸದೆ "ನಮಗೆ ಲಾಭ ಇದೆ" ಎಂದರೆ ಆ ಲಾಭ ಮನೆಯವರ ನಿದ್ದೆಯಿಂದ ಬಂದದ್ದು. ತಿಂಗಳಿಗೆ 15,000 ಅವರ ಖಾತೆಗೆ ಹೋಗಲಿ. ಸಂಬಳವೋ ಪಾಲುದಾರಿಕೆಯೋ ಯಾವುದು ತೆರಿಗೆಗೆ ಸರಿ ಎಂಬುದನ್ನು ಲೆಕ್ಕಪರಿಶೋಧಕರು ಹೇಳುತ್ತಾರೆ.

6. ಮನೆಯಲ್ಲಿ ಕೂತು ಕಂಪನಿ ಕೆಲಸ ಮಾಡುವವರನ್ನು ಕಚೇರಿಯಲ್ಲಿದ್ದಾರೆ ಎಂದೇ ತಿಳಿಯಿರಿ. ಬಾಗಿಲು ಮುಚ್ಚಿದ್ದರೆ ಕರೆಯಬಾರದು. ಹಾಗೆಯೇ ಗಂಡಸರ ಪಾಲಿಗೂ ಹೆಸರು ಹಾಕಿದ ಕೆಲಸ ಇರಲಿ. ನೀರು ತುಂಬುವುದು, ಮಗುವನ್ನು ಬಸ್ಸಿಗೆ ಬಿಡುವುದು, ಹಿರಿಯರ ಔಷಧಿ ನೋಡುವುದು, ಇವು ಹೋಟೆಲಿಗೆ ಹೊರಡುವ ಮುಂಚೆ ನಮ್ಮಿಂದ ಆಗುವ ಕೆಲಸವೇ. ವಾರಕ್ಕೊಂದು ದಿನ ಮನೆಯೊಳಗೆ ಹೋಟೆಲಿನ ಯಾವ ಪಾತ್ರೆಯೂ ಬರಬಾರದು.

ಇಷ್ಟಾದರೂ ಕೆಲವರಿಗೆ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳು, ಊಟ ಸೇರದಿರುವುದು ಇದ್ದರೆ ಅದನ್ನು ಸುಸ್ತು ಎಂದು ತಳ್ಳಿಹಾಕಬೇಡಿ. ವೈದ್ಯರಿಗೆ ತೋರಿಸಿ. 2022ರ ಅಕ್ಟೋಬರ್‌ನಿಂದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಸೇವೆ ಇದೆ, ಸಂಖ್ಯೆ 14416. ಕನ್ನಡದಲ್ಲೂ ಮಾತನಾಡಬಹುದು. ಹಿಂದಿ ಸರಿಯಾಗಿ ಬಾರದ ನಮ್ಮ ದೆಹಲಿಯ ಅಮ್ಮಂದಿರಿಗೆ ಇದು ದೊಡ್ಡ ಉಪಕಾರ.

ನಮ್ಮ ಮಕ್ಕಳು ಈ ಉದ್ಯಮಕ್ಕೆ ಬರುವುದಿಲ್ಲ ಎಂದು ಸಂಘದ ಸಭೆಗಳಲ್ಲಿ ನಾವೆಲ್ಲ ಬೇಸರಪಡುತ್ತೇವೆ. ಅವರು ಚಿಕ್ಕಂದಿನಿಂದ ನೋಡಿದ್ದು ಗಲ್ಲಾವನ್ನಲ್ಲ, ಬೆಳಗಿನ ನಾಲ್ಕಕ್ಕೆ ಎದ್ದ ಅಮ್ಮನನ್ನು. ಮನೆಯ ಕೆಲಸಕ್ಕೆ ಹೊತ್ತು, ಅಳತೆ, ಹಣ ಮೂರನ್ನೂ ಗೊತ್ತುಮಾಡಿದರೆ ಮನೆಯವರ ಆರೋಗ್ಯ ಉಳಿಯುತ್ತದೆ, ಹೋಟೆಲಿನ ನಿಜವಾದ ಲಾಭ ಎಷ್ಟೆಂದು ನಮಗೂ ತಿಳಿಯುತ್ತದೆ. ಸದಸ್ಯರು ಈ ತಿಂಗಳು ಒಂದನೆಯ ಅಂಶದಿಂದಲಾದರೂ ಆರಂಭಿಸಬೇಕೆಂದು ಕೋರುತ್ತೇವೆ.