ತಾಯಿಯ ಮೊದಲ ಹಾಲು

ಮನೆಯಲ್ಲಿ ಆಕಳು ಈದರೆ ಅದರ ಮೊದಲ ಎರಡು ಮೂರು ದಿನಗಳ ಹಾಲಿಗೆ ನಮ್ಮಲ್ಲಿ ಇರುವ ಆದರ ದೊಡ್ಡದು. ಬೆಲ್ಲ, ಯಾಲಕ್ಕಿ ಕೂಡಿಸಿ ಗಿಣ್ಣ ಮಾಡಿ, ನೆರೆಮನೆಗೆ ಒಂದು ಬಟ್ಟಲು ಕಳಿಸದೆ ನಾವು ಉಣ್ಣುವುದಿಲ್ಲ. ಅದಕ್ಕೂ ಮೊದಲು ಕರುವಿನ ಪಾಲು ಕರುವಿಗೆ ಸಲ್ಲಬೇಕು. ಗಿಣ್ಣದ ಹಾಲು ಕಾಣದ ಕರು ಬಾಳುವುದು ಕಷ್ಟವೆಂಬುದನ್ನು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಇಷ್ಟು ಬಲ್ಲ ನಾವೇ ಮನೆಯ ಮಗಳು ಹೆತ್ತಾಗ ಅವಳ ಎದೆಯ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿಸುತ್ತ ಬಂದಿದ್ದೇವೆ. ಆಸ್ಪತ್ರೆಯ ಹೆರಿಗೆ ಬಂದ ಮೇಲೆ ಇದೆಲ್ಲ ತಾನಾಗಿ ಸರಿಹೋಗಿದೆ ಎಂದು ಭಾವಿಸುವವರು ಒಂದು ಲೆಕ್ಕವನ್ನು ಗಮನಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಆದರೆ ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕಂಡ ಕೂಸುಗಳು ನೂರಕ್ಕೆ ಸುಮಾರು 42 ಮಾತ್ರ.

ಈ ತಪ್ಪನ್ನು ಪರರ ಮೇಲೆ ಹೊರಿಸಿ ಬರೆಯುವ ಅಧಿಕಾರ ನಮಗಿಲ್ಲ. 1984ರಲ್ಲಿ ನಮ್ಮ ಚೊಚ್ಚಲ ಮಗ ಹುಟ್ಟಿದಾಗ ಅತ್ತೆಯವರು ಬಾಗಿಲಿಗೆ ಬಂದು, “ಶಾಸ್ತ್ರ ಓದಿದವರು ನೀವು, ಹಾಲು ಯಾವಾಗ ಕುಡಿಸೋಣ, ನೀವ ಹೇಳ್ರಿ” ಎಂದು ಕೇಳಿದರು. ಮಠದ ಪಾಠಶಾಲೆಯಿಂದ ಹೊರಬಂದು ಬಹಳ ವರ್ಷಗಳಾಗಿರಲಿಲ್ಲ; ಓದಿದ್ದು ನಾಲಗೆಯ ತುದಿಯಲ್ಲಿತ್ತು. ಹೆತ್ತವಳಿಗೆ ಮೂರು ನಾಲ್ಕು ರಾತ್ರಿ ಕಳೆದ ಮೇಲೆ ಹಾಲು ಇಳಿಯುವುದೆಂದೂ, ಅಲ್ಲಿಯವರೆಗೆ ಕೂಸಿಗೆ ಜೇನು, ತುಪ್ಪಗಳೆಂದೂ ಸುಶ್ರುತ ಸಂಹಿತೆಯಲ್ಲಿ ಹೇಳಿದೆ. ಅದನ್ನೇ ಒಪ್ಪಿಸಿದೆವು. ಮೂರು ದಿನ ಅರಳೆಯ ಬತ್ತಿಯನ್ನು ಜೇನಿನಲ್ಲಿ, ಸಕ್ಕರೆ ನೀರಿನಲ್ಲಿ ಅದ್ದಿ ಚೀಪಿಸಿದರು. ಹಾಲನ್ನು ಹಿಂಡಿ ಹಿತ್ತಲಿನ ಗಿಡದ ಬುಡಕ್ಕೆ ಚೆಲ್ಲಿದರು. ಎರಡನೆಯ ವಾರ ಕೂಸಿಗೆ ಭೇದಿ ಹತ್ತಿತು. ಆಸ್ಪತ್ರೆಯಲ್ಲಿ ಎಂಟು ದಿನ ಸಲೈನ್ ಏರಿಸಿದ ಮೇಲೆ ಬದುಕಿತು. ಚರಕ ಸಂಹಿತೆಯಲ್ಲಿ ಜೇನು, ತುಪ್ಪಗಳನ್ನು ನೆಕ್ಕಿಸಿದ ಬಳಿಕ ಮೊದಲು ಬಲಗಡೆಯ ಮೊಲೆಯನ್ನು ಕುಡಿಸಬೇಕೆಂದಿದೆ, ನಾಲ್ಕನೆಯ ದಿನದವರೆಗೆ ಕಾಯಿರಿ ಎಂದಿಲ್ಲ. ಅದನ್ನೂ ನಾವು ಓದಿದ್ದೆವು. ಆ ದಿನ ನೆನಪಾಗಲಿಲ್ಲ. ಇನ್ನು ಜೇನಿನ ಮಾತು: ಅದರಲ್ಲಿ ಅಡಗಿರಬಹುದಾದ ಒಂದು ಬಗೆಯ ಬೀಜಾಣುಗಳು ಎಳೆಗೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡುತ್ತವೆ. ಕೂಸುಗಳ ಈ ರೋಗವನ್ನು ವೈದ್ಯರು ಗುರುತಿಸಿದ್ದೇ 1976ರಲ್ಲಿ. ಪ್ರಾಚೀನರು ಅರಿಯದಿದ್ದುದು ಅವರ ದೋಷವಲ್ಲ. ವರ್ಷ ತುಂಬುವ ತನಕ ಜೇನು ಬೇಡವೆಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಚೆಲ್ಲಿದ ಆ ಹಾಲಿನಲ್ಲಿ ಏನಿತ್ತು? ಅದು ಹಳದಿ, ಮಂದ, ಮೊದಲ ದಿನ ಕೆಲವೇ ಚಮಚೆಯಷ್ಟು. ನೋಡಿದವರಿಗೆ ಹಾಲಿಲ್ಲವೆಂದೇ ತೋರುತ್ತದೆ. ಆದರೆ ಕರುಳಿನ ಒಳಮೈಗೆ ಕಾವಲಾಗುವ ರೋಗನಿರೋಧಕ ವಸ್ತುಗಳು ಅದರಲ್ಲಿರುವಷ್ಟು ದಟ್ಟವಾಗಿ ಮುಂದಿನ ಹಾಲಿನಲ್ಲಿ ಇರುವುದಿಲ್ಲ. ದಿನ ಕಳೆದಂತೆ ಹಾಲು ಮಾರ್ಪಡುತ್ತದೆ. ಬಲಿತ ಹಾಲಿನ ನೂರು ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಂ ಹಾಲುಸಕ್ಕರೆ, 4 ಗ್ರಾಂ ಕೊಬ್ಬು, 1 ಗ್ರಾಂ ಸಸಾರಜನಕ. ಆಕಳ ಹಾಲಿನಲ್ಲಿ ಸಸಾರಜನಕ ಇದರ ಮೂರು ಪಟ್ಟು. ಅದು ಕರುವಿನ ಅಳತೆ, ಕೂಸಿನದಲ್ಲ. ಒಂದು ಸಲ ಕುಡಿಸುವಾಗಲೂ ಮೊದಲು ಬರುವುದು ತೆಳು, ಕೊನೆಗೆ ಬರುವುದು ಗಟ್ಟಿ. ಆದುದರಿಂದ ಅರ್ಧಕ್ಕೆ ಬಿಡಿಸಿ ಇನ್ನೊಂದು ಬದಿಗೆ ಹಿಡಿಯುವುದು ಸರಿಯಲ್ಲ.

ಇವುಗಳಿಗಿಂತ ಬೆರಗಿನ ಸಂಗತಿ ಮತ್ತೊಂದಿದೆ. ಹಾಲುಸಕ್ಕರೆಯಲ್ಲದೆ ಬೇರೆ ಜಾತಿಯ ನೂರಕ್ಕೂ ಹೆಚ್ಚು ಸಕ್ಕರೆಗಳು ತಾಯಿಯ ಹಾಲಿನಲ್ಲಿವೆ. ಆಲಿಗೋಸ್ಯಾಕರೈಡ್‌ಗಳೆಂದು ಅವುಗಳ ಹೆಸರು. ಲೀಟರಿಗೆ ಸುಮಾರು 10 ಗ್ರಾಂ, ಮೊದಲ ಹಾಲಿನಲ್ಲಿ ಅದರ ಎರಡು ಪಟ್ಟು. ಇವುಗಳನ್ನು ಜೀರ್ಣಿಸುವ ಶಕ್ತಿ ಕೂಸಿಗಿಲ್ಲ. ಕೂಸಿಗೆ ದಕ್ಕದ್ದನ್ನು ತಾಯಿಯ ದೇಹ ಇಷ್ಟು ಶ್ರಮದಿಂದ ಏಕೆ ಸೃಜಿಸಬೇಕು? 1900ರ ಸುಮಾರಿಗೆ ಪ್ಯಾರಿಸ್ ನಗರದ ಪಾಸ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೇ ಎಂಬ ವಿಜ್ಞಾನಿ ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಸೂಕ್ಷ್ಮಜೀವಿಯನ್ನು ಕಂಡ. ಬಿಫಿಡೋಬ್ಯಾಕ್ಟೀರಿಯಂ ಎಂದು ಇಂದು ಕರೆಯುವುದು ಅದನ್ನೇ. ಅದನ್ನು ಬೆಳೆಸುವ ಅಂಶ ತಾಯಿಯ ಹಾಲಿನಲ್ಲಿಯೇ ಇರುವುದೆಂದು 1954ರಲ್ಲಿ ಅಮೆರಿಕದಲ್ಲಿ ಪಾಲ್ ಜ್ಯೋರ್ಜಿ ಮತ್ತು ಸಂಗಡಿಗರು ತೋರಿಸಿದರು. ಆ ಸಕ್ಕರೆಗಳು ಈ ಜೀವಿಗಳ ಅನ್ನ. ಅವು ಉಂಡು ಕರುಳಿನಲ್ಲಿ ಹುಳಿಯ ಅಂಶವನ್ನು ಉಂಟುಮಾಡುತ್ತವೆ. ಆ ಹುಳಿಯಲ್ಲಿ ಭೇದಿ ತರುವ ಅನೇಕ ಜೀವಿಗಳು ಬೇರೂರಲಾರವು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದೊಂದು ದಾಸೋಹ. ಉಂಡವರು ಮನೆಯನ್ನು ಕಾಯುತ್ತಾರೆ. ಸಕ್ಕರೆ ನೀರಿನಿಂದ ಈ ಕೆಲಸವಾಗದು. ಕೂಸಿನ ಹೊಟ್ಟೆ ತುಂಬಿ ಚೀಪುವುದು ತಗ್ಗುತ್ತದೆ, ಚೀಪುವುದು ತಗ್ಗಿದರೆ ಹಾಲೂ ತಗ್ಗುತ್ತದೆ. ನೀರು ಕೊಳೆಯಾಗಿದ್ದರಂತೂ ರೋಗವನ್ನು ನಾವೇ ಕರೆದು ಕೂರಿಸಿದಂತೆ.

ಎಲ್ಲ ತಾಯಂದಿರ ಹಾಲೂ ಒಂದೇ ಬಗೆಯದಲ್ಲ. ವಂಶವಾಹಿಯ ಭೇದದಿಂದ ಐವರಲ್ಲಿ ಒಬ್ಬರಷ್ಟು ತಾಯಂದಿರ ಹಾಲಿನಲ್ಲಿ ಈ ಸಕ್ಕರೆಗಳ ಒಂದು ಬಗೆ ಇರುವುದಿಲ್ಲ; ಉಳಿದವು ಇರುತ್ತವೆ, ಚಿಂತೆಗೆ ಕಾರಣವಿಲ್ಲ. ಚಿಂತಿಸಬೇಕಾದುದು ಬಾಣಂತಿಯ ಊಟವನ್ನು ಕುರಿತು. ಅರೆಹೊಟ್ಟೆ ಉಂಡರೂ ತಾಯಿಯ ದೇಹ ಹಾಲಿನ ಸಕ್ಕರೆ, ಸಸಾರಜನಕಗಳನ್ನು ಬಹುಮಟ್ಟಿಗೆ ಕಾಯ್ದುಕೊಡುತ್ತದೆ. ಕ್ಯಾಲ್ಸಿಯಂ ಅಂಶವನ್ನು ತನ್ನ ಎಲುಬಿನಿಂದಲಾದರೂ ತೆಗೆದುಕೊಡುತ್ತದೆ. ಜೀವಸತ್ವಗಳ ಮಾತು ಹಾಗಲ್ಲ. ಅವಳ ತಟ್ಟೆಯಲ್ಲಿ ಇಲ್ಲದ್ದು ಹಾಲಿನಲ್ಲಿಯೂ ಕಡಿಮೆ. ಬಿಳಿ ಅನ್ನ, ಮೆಣಸಿನ ಸಾರು ಮಾತ್ರ ಕೊಟ್ಟು ಬೇಳೆ, ಕಾಯಿಪಲ್ಯ ನಿಷೇಧಿಸುವ ಪಥ್ಯದಿಂದ ಬಿ-1 ಜೀವಸತ್ವ ಬತ್ತುತ್ತದೆ. ಆ ಹಾಲನ್ನೇ ನೆಚ್ಚಿದ ಕೂಸಿನ ಹೃದಯ ಇದ್ದಕ್ಕಿದ್ದಂತೆ ಸೋಲಬಹುದು. ಅಳವಿ ಪಾಯಸ, ಅಂಟಿನುಂಡೆಗಳನ್ನು ಯಾರೂ ಬಿಡಬೇಕಾಗಿಲ್ಲ, ಅವು ಒಳ್ಳೆಯವೇ. ಅವುಗಳೊಡನೆ ಹೆಸರುಬೇಳೆ, ಸೊಪ್ಪು, ಜೋಳದ ರೊಟ್ಟಿಗಳೂ ಇರಲಿ ಎಂದಷ್ಟೇ ನಮ್ಮ ಕೋರಿಕೆ. ಸಸ್ಯಾಹಾರಿಗಳಾದ ನಮ್ಮ ಮನೆಗಳಿಗೆ ಇನ್ನೊಂದು ಮಾತು. ಬಿ-12 ಜೀವಸತ್ವ ಕಾಳು ಪಲ್ಯಗಳಲ್ಲಿಲ್ಲ. ಹಾಲು, ಮೊಸರಿನಲ್ಲಿದೆ, ಅದೂ ಎಷ್ಟೋ ಬಾರಿ ಸಾಲದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಗರ್ಭಿಣಿಯರಿಗೆ ಹೆರಿಗೆಯಾಗಿ ಆರು ವಾರಗಳವರೆಗೆ ದಿನವೂ ಈ ಜೀವಸತ್ವವನ್ನು ಕೊಟ್ಟು, ಹಾಲಿನಲ್ಲಿಯೂ ಕೂಸಿನ ರಕ್ತದಲ್ಲಿಯೂ ಅದು ಹೆಚ್ಚಿದುದನ್ನು 2014ರಲ್ಲಿ ಪ್ರಕಟಿಸಿದರು. ವೈದ್ಯರನ್ನು ಕೇಳಿ ಗುಳಿಗೆ ತೆಗೆದುಕೊಂಡರೆ ನಮ್ಮ ಆಹಾರಧರ್ಮಕ್ಕೆ ಕುಂದೇನೂ ಬಾರದು.

2019ರಲ್ಲಿ ನಮ್ಮ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಶಸ್ತ್ರಕ್ರಿಯೆಯ ಹೆರಿಗೆಯಾಯಿತು. ಎಂಬತ್ತು ದಾಟಿದ ಅತ್ತೆಯವರು ಸೆರಗಿನಲ್ಲಿ ಜೇನಿನ ಸೀಸೆಯನ್ನು ಮುಚ್ಚಿಕೊಂಡು ಆಸ್ಪತ್ರೆಗೆ ಬಂದಿದ್ದರು. ನಾವು ಕೈಮುಗಿದು ಬೇಡವೆಂದೆವು. ಮೇಲೆ ಬರೆದುದನ್ನೆಲ್ಲ ಆದಷ್ಟು ಸರಳವಾಗಿ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವತ್ತ ಯಾಕ ಹೇಳಲಿಲ್ಲರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಒಳಗೆ ದಾದಿಯೊಬ್ಬಳು, ಇನ್ನೂ ಎದ್ದು ಕೂಡಲಾರದ ತಾಯಿಯ ಮಗ್ಗುಲಿಗೆ ಕೂಸನ್ನು ಆನಿಸಿ ಹಿಡಿದು, ಮೊಲೆಗೆ ಹಚ್ಚುತ್ತಿದ್ದಳು. ಹೆರಿಗೆಯಾಗಿ ಆಗಿನ್ನೂ ಮುಕ್ಕಾಲು ತಾಸಾಗಿತ್ತು. ಅತ್ತೆಯವರು ಸೀಸೆಯನ್ನು ನಮ್ಮ ಕೈಗೆ ಕೊಟ್ಟು ಒಳಗೆ ಹೋದರು.